ಹಳದಿ ಬೊಟ್ಟಿನ ಮೇಲೊಂದು ಸ್ಟೂಲು

ಬೆಳಿಗ್ಗೆ ಎಂಟು ಗಂಟೆ. ತಪ್ಪೊಪ್ಪಿಕೊಂಡ ಆರೋಪಿಯನ್ನು ಪೊಲೀಸರು ಬಸ್ ನಿಲ್ದಾಣದ ಹಿಂದಿನ ಹಳೆಯ ಗ್ಯಾರೇಜಿಗೆ ಕರೆತಂದರು.

ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಅಕ್ಕನ ಗಂಡನನ್ನು ಗುಂಡಿಗೆ ಬೀಳಿಸಿ ಕೊಲ್ಲಲು ನೋಡಿದೆ ಎಂದು ಹಿಂದಿನ ಸಂಜೆ ಅವನೇ ಹೇಳಿಕೆ ಕೊಟ್ಟಿದ್ದ. ಆ ಭಾವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ತಲೆಗೆ ಪೆಟ್ಟು ಬಿದ್ದು ಮೂರು ದಿನದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು.

ಇನ್ಸ್‌ಪೆಕ್ಟರ್‌ಗೆ ಠಾಣೆಯವರು ಇಟ್ಟಿದ್ದ ಅಡ್ಡಹೆಸರು ತಕ್ಕಡಿ. ಎರಡೂ ತಟ್ಟೆ ನೋಡದೆ ಅವಳು ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ಈ ಸಲ ಹಾಕಿದ್ದಳು. ಆರೋಪಿಯೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ತೂಗುವುದಕ್ಕೆ ಇನ್ನೇನು ಉಳಿಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಮನೆಗೆ ಹೋದ ಮೇಲೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡತೊಡಗಿತ್ತು.

"ಏನೋ ಫ್ಯೂಸು, ಮೇಡಂಗೆ ನಿನ್ನ ಸಿನಿಮಾ ತೋರಿಸಬೇಕಂತೆ," ಎಂದರು ದಫೇದಾರರು, ಜೀಪಿನ ಬಾಗಿಲು ಹಾಕುತ್ತಾ.

"ಅದು ಸಿನಿಮಾ ಅಲ್ಲ, ಸಾರ್. ಸಿನಿಮಾ ಎದುರಿಗೆ ಇರುತ್ತೆ. ಇದರೊಳಗೆ ನಾವಿರ್ತೀವಿ."

ಫ್ಯೂಸು ಎಂಬುದು ಬಸ್ ಡಿಪೋದವರು ಅವನಿಗಿಟ್ಟ ಹೆಸರು. ಇಪ್ಪತ್ತು ವರ್ಷ ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಡಿಪೋ ಊರಾಚೆಗೆ ಹೋದ ಮೇಲೆ ಈ ಗ್ಯಾರೇಜು ಖಾಲಿ ಬಿತ್ತು. ಭಾವ ಮತ್ತು ಭಾವಮೈದುನ ಸೇರಿ ಅದರಲ್ಲಿ ಒಂದು ಬೀದಿ ಕಟ್ಟಿದರು.

ಕಟ್ಟಿದ್ದು ಬೆಳಕಿನಲ್ಲಿ. ಶಾಲೆಗಳೂ ಆಫೀಸುಗಳೂ ಗುಜರಿಗೆ ಹಾಕಿದ್ದ ಪ್ರೊಜೆಕ್ಟರುಗಳನ್ನು ತಂದು, ಅವಕ್ಕೆ ಬಸ್ಸಿನ ಪಕ್ಕದ ಕನ್ನಡಿಗಳನ್ನು ಜೋಡಿಸಿ, ಬಿಳಿ ಬಳಿದ ಮೂರು ಗೋಡೆ ಮತ್ತು ನೆಲದ ಮೇಲೆ ಚಿತ್ರ ಬೀಳುವಂತೆ ಮಾಡಿದ್ದರು. ರಸ್ತೆ ಅಗಲ ಮಾಡಲು ಕೆಡವಿದ್ದ ಹಳೇ ಪೇಟೆ ಬೀದಿಯನ್ನು ಮೇಷ್ಟ್ರು ನೆನಪಿನಿಂದಲೇ ಮನೆಮನೆಯಾಗಿ ಬರೆದಿದ್ದರು. ಬಸ್ಸಿಗೆ ಕಾಯುವವರು ಒಳಗೆ ಬಂದು, ನೆಲದ ಮೇಲಿನ ಹಳದಿ ಬೊಟ್ಟಿನ ಮೇಲೆ ನಿಂತರೆ, ಆ ಬೀದಿಯ ನಡುವೆ ನಿಂತಂತೆ. ಕಣ್ಣಿಗೆ ಏನೂ ಕಟ್ಟಿಕೊಳ್ಳಬೇಕಿಲ್ಲ. ಟಿಕೆಟ್ ಇಲ್ಲ. ಬಿಳಿ ನೆಲ ಕೊಳೆಯಾಗದಂತೆ ಚಪ್ಪಲಿ ಮಾತ್ರ ಹೊರಗೆ ಬಿಡಬೇಕು.

ನೆಲದ ನಡುವೆ ಹಿಂದಿನ ಕಾಲದ ಗುಂಡಿಯೊಂದಿತ್ತು. ಬಸ್ಸಿನ ಅಡಿ ರಿಪೇರಿಗೆ ಮೆಕ್ಯಾನಿಕ್‌ಗಳು ಇಳಿದು ನಿಲ್ಲುತ್ತಿದ್ದ ಗುಂಡಿ. ಎದೆಮಟ್ಟ ಆಳ, ತಳದಲ್ಲಿ ಕಬ್ಬಿಣದ ಪಟ್ಟಿ. ಅದಕ್ಕೆ ಹಲಗೆ ಮುಚ್ಚಿ ಬಿಳಿ ಬಳಿದಿದ್ದರು. ಮೂರು ದಿನದ ಹಿಂದೆ ಬೆಳಗಿನ ಜಾವ ಹಲಗೆಗಳು ಇರಲಿಲ್ಲ. ಮೇಷ್ಟ್ರು ಕೆಳಗೆ ಬಿದ್ದಿದ್ದರು.

"ಅವತ್ತು ಹೇಗಿತ್ತೋ ಹಾಗೇ ಆನ್ ಮಾಡು," ಎಂದಳು ತಕ್ಕಡಿ. "ಏನೂ ಬದಲಾಯಿಸಬೇಡ."

ಫ್ಯೂಸು ಅವಳ ಮುಖ ನೋಡಿದ. "ಒಪ್ಕೊಂಡಿದ್ದೀನಲ್ಲ ಮೇಡಂ. ಇನ್ನೇನು ನೋಡೋದಿದೆ?"

"ಮೇಷ್ಟ್ರು ಏನು ನೋಡಿದ್ರು ಅಂತ."

ಮೂರು ದಿನದಲ್ಲಿ ಅಲ್ಲಿಗೆ ಬಂದಿದ್ದ ಪೊಲೀಸರೆಲ್ಲ ಟ್ಯೂಬ್‌ಲೈಟ್ ಬೆಳಕಿನಲ್ಲೇ ಅಳತೆ ಮಾಡಿ, ಫೋಟೊ ತೆಗೆದು ಹೋಗಿದ್ದರು. ಪ್ರೊಜೆಕ್ಟರ್ ಹಾಕಿ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅವಳಿಗೂ.

ಫ್ಯಾನುಗಳು ಗುಂಯ್‌ಗುಟ್ಟಿದವು. ಟ್ಯೂಬ್‌ಲೈಟ್ ಆರಿತು. ಗೋಡೆಗಳ ಮೇಲೆ ಬೀದಿ ಮೂಡಿತು.

ಅವಳು ಬೊಟ್ಟಿನ ಮೇಲೆ ನಿಂತಿದ್ದಳು. ಜನ ಹೇಳುತ್ತಿದ್ದ ಬೀದಿ ಇದಲ್ಲ. ಕಂಬಗಳು ಕುಡುಗೋಲಿನಂತೆ ಬಾಗಿದ್ದವು. ಮೂಲೆಯಲ್ಲಿ ಜಗಲಿಯೊಂದು ಮುರಿದು ನಿಂತಿತ್ತು. ಒಂದು ಮಾರು ಮುಂದೆ ನೆಲದ ಚಿತ್ರ ಹರಿದು, ಗುಂಡಿ ಕರಿಬಾಯಿ ತೆರೆದುಕೊಂಡು ಸ್ಪಷ್ಟವಾಗಿ ಕಾಣುತ್ತಿತ್ತು. ಕುರುಡನಲ್ಲದ ಯಾವನೂ ಅದರೊಳಗೆ ಕಾಲಿಡುವಂತಿರಲಿಲ್ಲ.

"ನಿನ್ನ ಹೇಳಿಕೆಯಲ್ಲಿ ಏನಿದೆ?" ಎಂದು ಕೇಳಿದಳು.

"ಹಲಗೆ ತೆಗೆದೆ. ಮೇಲೆ ಚಿತ್ರ ಬಿಟ್ಟೆ. ಭಾವಂಗೆ ಗುಂಡಿ ಕಾಣ್ಲಿಲ್ಲ. ಬಿದ್ರು."

"ನನಗೆ ಕಾಣ್ತಿದೆಯಲ್ಲ?"

ಫ್ಯೂಸು ಗೋಡೆಯ ಕಡೆ ತಿರುಗಿದ. ಅವನ ಕಣ್ಣು ಗುಂಡಿಯ ಮೇಲಿರಲಿಲ್ಲ. ಬಾಗಿದ ಕಂಬಗಳ ಮೇಲಿತ್ತು. ತನ್ನ ಮನೆಯ ಗೋಡೆಯಲ್ಲಿ ಬೇರೆಯವರು ಹೊಡೆದ ಮೊಳೆ ಕಂಡವನ ಹಾಗೆ ನೋಡುತ್ತಿದ್ದ.

"ಇದು ನಾವು ಕೂರಿಸಿದ್ದಲ್ಲ," ಎಂದ, ತನಗೇ ಎಂಬಂತೆ. ತಕ್ಷಣ ತುಟಿ ಕಚ್ಚಿಕೊಂಡ.

ದಫೇದಾರರಿಗೆ ಮಂಡಿನೋವು. ನಿಂತು ಸಾಕಾಗಿ ಮೂಲೆಯ ಸ್ಟೂಲನ್ನು ಎಳೆದು ತಂದರು. "ನೀವು ಸ್ವಲ್ಪ ಸರಿದರೆ ಮೇಡಂ, ನಾನೂ ಒಂದು ಗಳಿಗೆ ಬೀದಿ ಮಧ್ಯೆ ಕೂರ್ತೀನಿ. ಸರ್ವಿಸಿಗೆ ಸೇರಿದಾಗಿನಿಂದ ಬೀದಿ ಅಂಚಲ್ಲಿ ನಿಂತಿದ್ದೇ ಆಯ್ತು," ಎಂದು ಬೊಟ್ಟಿನ ಮೇಲೆ ಸ್ಟೂಲು ಹಾಕಿ ಕೂತರು.

ಕೂತವರು ನೆಲವನ್ನೇ ದಿಟ್ಟಿಸಿದರು. ಎದ್ದರು. ಕೂತರು.

"ಮೇಡಂ, ಗುಂಡಿ ಎಲ್ಲಿ ಹೋಯ್ತು?"

ತಕ್ಕಡಿ ಅವರನ್ನು ಎಬ್ಬಿಸಿ ತಾನು ಕೂತಳು. ಕಂಬಗಳು ನೆಟ್ಟಗಾದವು. ಮುರಿದ ಜಗಲಿ ಒಂದಾಯಿತು. ಬೀದಿಯ ಕಲ್ಲುಚಪ್ಪಡಿಗಳು ಅವಳ ಪಾದದ ಬುಡದಿಂದ ಎದುರಿನ ನೀಲಿ ಬಾಗಿಲಿನವರೆಗೂ ಒಂದೇ ಸಮ ಹಾಸಿಕೊಂಡವು. ಗುಂಡಿ ಇರಬೇಕಾದ ಕಡೆ ಚಪ್ಪಡಿ ಇತ್ತು. ಅದರ ಮೇಲೆ ಒಂದು ಒಣಗಿದ ಎಲೆ ಕೂಡ ಬಿದ್ದಿತ್ತು.

ಅವಳು ಎದ್ದಳು. ಗುಂಡಿ ಬಾಯಿ ತೆರೆಯಿತು. ಕೂತಳು. ಮುಚ್ಚಿತು.

"ಮೂರು ದಿನದಲ್ಲಿ ಎಷ್ಟು ಜನ ಬಂದ್ವಿ ಇಲ್ಲಿಗೆ," ಎಂದಳು ಮೆಲ್ಲಗೆ. "ಒಬ್ಬರಾದರೂ ಕೂತು ನೋಡಲಿಲ್ಲ."

ಸ್ಟೂಲು ಮೂರು ದಿನವೂ ಮೂಲೆಯಲ್ಲೇ ಇತ್ತು.

"ಹೇಗೆ ಇದು? ಹೇಳು," ಎಂದು ಫ್ಯೂಸಿನ ಕಡೆ ತಿರುಗಿದಳು.

ಅವನು ಹೇಳಿದ. ಯಂತ್ರದ ಮಾತು ಬಂದರೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದಕ್ಕೆ ತಾವು ಕಣ್ಣು ಕೂರಿಸೋದು ಅಂತೀವಿ ಎಂದ. ನೋಡುವವರ ಕಣ್ಣು ಎಲ್ಲಿರುತ್ತೋ ಅಲ್ಲಿ, ಸ್ಟ್ಯಾಂಡಿನ ಮೇಲೆ, ಒಂದು ಹಳೇ ಮೊಬೈಲ್ ನಿಲ್ಲಿಸುತ್ತಾರೆ. ಪ್ರೊಜೆಕ್ಟರುಗಳು ಕಪ್ಪು-ಬಿಳುಪು ಪಟ್ಟೆ ಬಿಡುತ್ತವೆ. ಯಾವ ಪಟ್ಟೆ ಎಲ್ಲಿ ಸೊಟ್ಟಗಾಯಿತು ಎಂದು ಮೊಬೈಲು ನೋಡುತ್ತದೆ. ಆಮೇಲೆ ಕಂಪ್ಯೂಟರು ಚಿತ್ರವನ್ನು ಅದಕ್ಕೆ ಸರಿಯಾಗಿ ಉಲ್ಟಾ ಸೊಟ್ಟ ಮಾಡುತ್ತದೆ. ಸೊಟ್ಟಕ್ಕೆ ಸೊಟ್ಟ ಸೇರಿ ನೆಟ್ಟಗಾಗುತ್ತದೆ. ಆದರೆ ಆ ಒಂದು ಜಾಗದಿಂದ, ಆ ಒಂದು ಎತ್ತರದಿಂದ ಮಾತ್ರ.

"ಗೋಡೆ ಉಬ್ಬಿದ್ರೂ ಸರಿ, ನೆಲ ಕುಸಿದಿದ್ರೂ ಸರಿ. ಅದು ಯಾಕೆ ಏನು ಅಂತ ಕೇಳಲ್ಲ, ಮೇಡಂ. ಇರೋದನ್ನ ಮರೆಮಾಡುತ್ತೆ ಅಷ್ಟೆ."

"ಅಂದ್ರೆ ಹಲಗೆ ತೆಗೆದಿರೋವಾಗ ಕಣ್ಣು ಕೂರಿಸಿದ್ರೆ?"

"ಗುಂಡಿಯನ್ನೂ ಚಪ್ಪಡಿ ಮಾಡುತ್ತೆ."

"ಮುಂದಕ್ಕೆ ಹೋದ್ರೆ ಚಿತ್ರ ಒಡೆಯಲ್ವಾ?"

"ಒಡೆಯುತ್ತೆ. ಒಡೀತು ಅಂತ ಗೊತ್ತಾಗೋ ಹೊತ್ತಿಗೆ ಗಾಲಿ ಅಂಚಲ್ಲಿ..."

ಅವನು ಅಲ್ಲಿಗೇ ನಿಲ್ಲಿಸಿದ. ದಫೇದಾರರು ನೆಲ ನೋಡಿದರು.

"ಗಾಲಿ," ಎಂದಳು ತಕ್ಕಡಿ. "ಯಾರ ಗಾಲಿ? ನಿಮ್ಮ ಭಾವ ನಡೆದಾಡೋರು."

"ಬಾಯಿತಪ್ಪಿ ಬಂತು."

"ಬಾಯಿ ತಪ್ಪಿ ಬಂದಿದ್ದೇ ಇವತ್ತಿನ ಮೊದಲನೇ ನಿಜ. ಈ ಬಲೆ ಹಾಕಿದ್ದು ನಿಂತವರಿಗಲ್ಲ, ಕೂತವರಿಗೆ. ನಿಮ್ಮ ಮನೇಲಿ ಕೂತೇ ಇರೋರು ಯಾರು?"

"ನಮ್ಮಕ್ಕನ ಹೆಸರು ಎತ್ತಬೇಡಿ ಮೇಡಂ!"

ಖಾಲಿ ಗ್ಯಾರೇಜಿನಲ್ಲಿ ಅವನ ದನಿ ಒಮ್ಮೆ ಸುತ್ತಿ ಬಂತು. ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುವ ಸೀಟಿ ಕೇಳಿಸಿತು.

ಅವನ ಅಕ್ಕ ಗಾಲಿಕುರ್ಚಿಯಲ್ಲಿದ್ದಳು. ಏಳು ವರ್ಷದ ಹಿಂದೆ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಸ್ಕೂಟರ್ ಓಡಿಸುತ್ತಿದ್ದವರು ಮೇಷ್ಟ್ರೇ. ಘಟನೆಯ ದಿನ ತಕ್ಕಡಿ ಅವಳ ಮನೆಗೆ ಹೋಗಿದ್ದಳು. ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ನಾನು ಮಲಗಿದ್ದೆ, ಏನೂ ಗೊತ್ತಿಲ್ಲ ಎಂದಿದ್ದಳು ಅಕ್ಕ. ಮುಂದಿನ ಪ್ರಶ್ನೆ ತಕ್ಕಡಿಯ ನಾಲಿಗೆಯ ಮೇಲಿತ್ತು. ಕುರ್ಚಿಯ ಗಾಲಿಗಳನ್ನು ನೋಡಿ ಅದನ್ನು ನುಂಗಿಕೊಂಡಿದ್ದಳು. ಕನಿಕರದ ಹೆಸರಿನಲ್ಲಿ ತಾನು ಮಾಡಿದ್ದು ಬರೀ ಸೋಮಾರಿತನ ಎಂದು ಈಗ ಅನ್ನಿಸಿತು. ಅವತ್ತೇ ಕೇಳಿದ್ದರೆ ಈ ಮನುಷ್ಯ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆಯಬೇಕಿರಲಿಲ್ಲ.

"ಕೂತ್ಕೊ," ಎಂದು ಎದ್ದು, ಬೊಟ್ಟಿನ ಮೇಲಿನ ಸ್ಟೂಲು ತೋರಿಸಿದಳು. ಅವನು ನೀಲಿ ಬಾಗಿಲಿಗೆ ಬೆನ್ನು ಮಾಡಿ ಕೂತ. ಬೀದಿಯನ್ನು ನೋಡಲಿಲ್ಲ.

"ಅವತ್ತು ನೀನು ಬಂದಾಗ ಅಕ್ಕ ಇಲ್ಲಿದ್ಳು. ಅಲ್ವಾ?"

ಅವನು ಹೌದೆಂದು ತಲೆ ಆಡಿಸಿದ.

"ಗುಂಡಿ ಅಂಚಲ್ಲಿ. ಮುಂದಿನ ಸಣ್ಣ ಗಾಲಿ ಗಾಳೀಲಿತ್ತು ಮೇಡಂ. ಕೆಳಗೆ ಭಾವ. ಅಕ್ಕಾ ಏನಾಯ್ತೇ ಅಂದೆ. ತುಟಿ ಬಿಚ್ಚಲಿಲ್ಲ. ಆ ಬಾಗಿಲನ್ನೇ ನೋಡ್ತಾ ಕೂತಿದ್ಳು." ತಿರುಗದೆಯೇ ಬೆನ್ನ ಹಿಂದಿನ ನೀಲಿ ಬಾಗಿಲ ಕಡೆಗೆ ಹೆಬ್ಬೆರಳು ತೋರಿಸಿದ. "ಅದು ನಮ್ಮಪ್ಪನ ಮನೆ ಬಾಗಿಲು. ನಾವಿಬ್ಬರೂ ಹುಟ್ಟಿದ್ದು ಅದರ ಒಳಗೇ."

"ಆಮೇಲೆ?"

"ಹಿಂದಕ್ಕೆ ಎಳ್ಕೊಂಡೆ. ಮೊದಲು ಅವಳನ್ನ ಮನೆಗೆ ತಳ್ಕೊಂಡು ಹೋಗಿ ಮಲಗಿಸಿದೆ. ಯಾರೂ ನೋಡಬಾರದು ಅಂತ. ವಾಪಸ್ ಬಂದು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ."

"ಮೊದಲು ಭಾವನ್ನ ನೋಡಲಿಲ್ಲ."

"ನೋಡಲಿಲ್ಲ." ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಹತ್ತು ನಿಮಿಷ ಆಗಿರಬಹುದು. ಇನ್ನೂ ಸ್ವಲ್ಪ ಮುಂಚೆ ತಂದಿದ್ರೆ ಚೆನ್ನಾಗಿತ್ತು ಅಂದ್ರು ಡಾಕ್ಟ್ರು. ಅವರೇನೋ ಮಾಮೂಲಿ ಮಾತು ಅಂತ ಹೇಳಿದ್ರು. ನನಗೆ ಅದು ಊಟ ಮಾಡೋಕೆ ಬಿಡ್ತಿಲ್ಲ. ಉಸಿರು ಇದೆಯಾ ಅಂತಾನೂ ಬಗ್ಗಿ ನೋಡಲಿಲ್ಲ ಮೇಡಂ ನಾನು. ನನ್ನ ಅಣ್ಣನಿಗಿಂತ ಹೆಚ್ಚಾಗಿದ್ದ ಮನುಷ್ಯ."

"ಅಕ್ಕ ತಳ್ಳಿದ್ಳು ಅಂದ್ಕೊಂಡೆ."

ಅವನು ತಲೆ ತಗ್ಗಿಸಿದ. ಅದೇ ಉತ್ತರ.

"ಅದಕ್ಕೇ ತಪ್ಪನ್ನ ನಿನ್ನ ತಲೆಗೆ ಕಟ್ಕೊಂಡೆ. ಯಾಕೆ ಹಾಗಂದ್ಕೊಂಡೆ?"

"ಜಗಳ ಇತ್ತು. ದೊಡ್ಡದಲ್ಲ. ಈ ಬೀದಿದೇ." ಅವನು ಮೊದಲ ಬಾರಿಗೆ ತಿರುಗಿ ನೋಡಿದ. ಕೂತವನ ಕಣ್ಣಿಗೆ ಬೀದಿ ನೆಟ್ಟಗೆ ಕಂಡಿತು. ಅವನ ಮುಖ ಸಣ್ಣಗಾಯಿತು. "ನಾವು ಯಾವಾಗಲೂ ನಿಂತವರ ಎತ್ತರಕ್ಕೇ ಕಣ್ಣು ಕೂರಿಸ್ತಿದ್ವಿ. ಬರೋರೆಲ್ಲ ನಿಂತೇ ನೋಡೋರು. ಅಕ್ಕಂಗೆ ಕುರ್ಚಿಯಿಂದ ಎಲ್ಲ ಸೊಟ್ಟ. ‘ಊರವರಿಗೆಲ್ಲ ನೆಟ್ಟಗಿರೋ ನಮ್ಮಪ್ಪನ ಮನೆ ನನಗೆ ಮಾತ್ರ ವಕ್ರವಾ?’ ಅನ್ನೋಳು. ಭಾವ ‘ಬರೋ ವಾರ ಮಾಡೋಣ’ ಅನ್ನೋರು. ಅರ್ಧ ದಿನದ ಕೆಲಸ. ಆಮೇಲೆ ಮತ್ತೆ ನಿಂತವರಿಗೆ ತಿರುಗಿಸೋಕೆ ಇನ್ನರ್ಧ ದಿನ. ಒಬ್ಬಳಿಗೋಸ್ಕರ ಯಾರು ಮಾಡ್ತಾರೆ? ನಾನೂ ಮಾಡ್ತೀನಿ ಅಂದಿದ್ದೆ. ನನ್ನ ಬರೋ ವಾರವೂ ಬರಲಿಲ್ಲ."

"ಇದನ್ನ ಮಾಡಿದ್ದು ನೀನಲ್ಲ."

"ಅಲ್ಲ. ಹಿಂದಿನ ರಾತ್ರಿ ನಾನು ಊರಲ್ಲೇ ಇರಲಿಲ್ಲ. ಹೊಸ ಡಿಪೋದಲ್ಲಿ ವೈರಿಂಗ್ ಕೆಲಸ, ಬೆಳಗಿನ ಮೊದಲನೇ ಬಸ್ಸಿಗೆ ಬಂದೆ. ಕಂಡಕ್ಟರನ್ನ ಕೇಳಿ."

ಆ ಕಂಡಕ್ಟರನ್ನೂ ಯಾರೂ ಕೇಳಿರಲಿಲ್ಲ. ದಫೇದಾರರು ಕೆಮ್ಮಿದರು.

"ಹಾಗಾದರೆ ಕಣ್ಣು ಕೂರಿಸೋಕೆ ಬರೋದು ಇನ್ಯಾರಿಗೆ?"

"ನಮ್ಮಿಬ್ಬರಿಗೇ. ನನಗೂ ಭಾವಂ..."

ಹೇಳುತ್ತಾ ಹೇಳುತ್ತಾ ಅವನಿಗೇ ಹೊಳೆಯಿತು. ಎದ್ದು ನಿಂತ. ಮುಖದಲ್ಲಿ ಮೂರು ದಿನದಿಂದ ಇರದಿದ್ದ ಬಣ್ಣ ಬಂತು.

"ಭಾವನೇ! ಅಕ್ಕಂಗೋಸ್ಕರ ಮಾಡಿದ್ದಾರೆ! ಹೇಳದೇ ಕೇಳದೇ, ರಾತ್ರಿಯಿಡೀ ಕೂತು ಮಾಡಿ, ಬೆಳಿಗ್ಗೆ ಜನ ಬರೋ ಮುಂಚೆ ಅವಳನ್ನ ಕರ್ಕೊಂಡು ಬಂದಿದ್ದಾರೆ. ಹಲಗೆ ಮರ್ತಿದ್ದಾರೆ. ಅವಳು ಮನೆ ಕಂಡ ಖುಷೀಲಿ ಗಾಲಿ ತಳ್ಕೊಂಡು ಮುಂದೆ ಹೋಗಿದ್ದಾಳೆ. ಅವಳಿಗೆ ಗುಂಡಿ ಕಾಣಲ್ಲ. ನಿಂತಿದ್ದ ಭಾವಂಗೆ ಕಾಣುತ್ತೆ. ಅಡ್ಡ ಹೋಗಿ ತಡೆದು, ತಾವು..." ಅವನು ಹಣೆ ಬಡಿದುಕೊಂಡ. "ಅಯ್ಯೋ, ನಾನು ಅಕ್ಕನ ಮೇಲೆ ಅನುಮಾನ ಪಟ್ಟೆನಲ್ಲ ಮೇಡಂ. ಒಡಹುಟ್ಟಿದವಳ ಮೇಲೆ."

ದಫೇದಾರರು ಅವನ ಹೆಗಲ ಮೇಲೆ ಕೈ ಇಟ್ಟರು. "ಬಿಡೋ ಮಾರಾಯ. ನಾವು ನಿನ್ನ ಮೇಲೆ ಪಟ್ಟಿಲ್ವಾ?"

ಎಲ್ಲವೂ ಹೊಂದಿಕೊಂಡಿತು. ತಕ್ಕಡಿಗೆ ಅದನ್ನು ನಂಬುವ ಆಸೆಯೂ ಇತ್ತು. ಯಾರ ತಪ್ಪೂ ಅಲ್ಲದ ಒಂದು ಮರೆವು. ಫೈಲು ಮುಚ್ಚಿ, ಕೋರ್ಟಿಗೆ ಒಂದು ಅರ್ಜಿ ಕೊಟ್ಟು, ಈ ಮನುಷ್ಯನನ್ನು ಅವನ ಅಕ್ಕನ ಮನೆಗೆ ಬಿಟ್ಟು ಬರಬಹುದು.

ಆದರೆ ಒಮ್ಮೆ ಒಂದೇ ತಟ್ಟೆ ನೋಡಿ ಸಹಿ ಹಾಕಿ ಆಗಿತ್ತು.

"ಹಲಗೆ ಯಾಕೆ ತೆಗೀತೀರಿ?" ಎಂದು ಕೇಳಿದಳು.

"ಕೆಳಗೆ ಕೇಬಲ್ ಇದೆ. ಅದೇನಾದ್ರೂ ಕೆಟ್ಟರೆ ಮಾತ್ರ."

"ಇಳಿದು ನೋಡು, ಕೆಟ್ಟಿತ್ತಾ ಅಂತ."

ಟ್ಯೂಬ್‌ಲೈಟ್ ಹಾಕಿದರು. ಬೀದಿ ಮಾಸಿ ಬರೀ ಬಿಳಿ ಗೋಡೆಯಾಯಿತು. ಫ್ಯೂಸು ಗುಂಡಿಗೆ ಇಳಿದ. ಕೇಬಲ್‌ಗಳ ಮೇಲೆ ಧೂಳು ಕೂತಲ್ಲೇ ಕೂತಿತ್ತು, ಬೆರಳಿನ ಗುರುತಿರಲಿಲ್ಲ. ಅವನು ಮೇಲೆ ನೋಡಿ ತಲೆ ಅಲ್ಲಾಡಿಸಿದ.

"ಕಣ್ಣು ಕೂರಿಸೋಕೆ ಹಲಗೆ ತೆಗೀಬೇಕಾ?"

"ಬೇಕಿಲ್ಲ."

ಅವಳು ಗೋಡೆಯ ಬಳಿಗೆ ನಡೆದಳು. ತೆಗೆದ ಹಲಗೆಗಳು ಅಲ್ಲಿ ಒರಗಿದ್ದವು. ಪ್ರತಿಯೊಂದರ ಅಂಚಿಗೂ ಮೇಷ್ಟ್ರ ದುಂಡು ಅಕ್ಷರದಲ್ಲಿ ಅಂಕಿ ಬರೆದಿತ್ತು. ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು. ಪುಸ್ತಕ ಜೋಡಿಸಿದ ಹಾಗೆ.

"ಹೀಗೆ ಜೋಡಿಸೋನು ನೀನಾ?"

"ನಾನು ಕೈಗೆ ಬಂದ ಹಾಗೆ ಎಸೆಯೋನು. ಭಾವ ಅದಕ್ಕೇ ಬೈಯೋರು."

"ಕಣ್ಣಿನ ಸ್ಟ್ಯಾಂಡು ಎಲ್ಲಿಡ್ತೀರಿ?"

ಬೀರು ಅತ್ತ ಇತ್ತು, ಗುಂಡಿಯ ಆಚೆ ಬದಿಗೆ. ಫ್ಯೂಸು ಅದನ್ನು ತೆರೆದ. ಸ್ಟ್ಯಾಂಡು ತನ್ನ ಜಾಗದಲ್ಲಿತ್ತು. ಮೊಬೈಲು ಇನ್ನೂ ಅದಕ್ಕೇ ಕಟ್ಟಿತ್ತು. ಮೂರೂ ಕಾಲುಗಳನ್ನು ಕುಗ್ಗಿಸಿ ಬಿಗಿ ಮಾಡಿತ್ತು. ತಕ್ಕಡಿ ಅದನ್ನು ಸ್ಟೂಲಿನ ಪಕ್ಕ ನಿಲ್ಲಿಸಿದಳು. ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ನಿಂತಿತು.

ಫ್ಯೂಸು ಸ್ಟ್ಯಾಂಡನ್ನೂ ಬೀರುವನ್ನೂ ಗುಂಡಿಯನ್ನೂ ನೋಡಿದ. ಅವಳು ಹೇಳಬೇಕಾಗಿ ಬರಲಿಲ್ಲ. ಕೆಲಸ ಮುಗಿದ ಮೇಲೆ ಸ್ಟ್ಯಾಂಡನ್ನು ಎತ್ತಿಕೊಂಡು, ತೆರೆದ ಗುಂಡಿಯನ್ನು ಬಳಸಿ ನಡೆದು ಹೋಗಿ, ಬೀರುವಿನಲ್ಲಿಟ್ಟು, ಮತ್ತೆ ಬಳಸಿ ಬಂದವರಿಗೆ ಗುಂಡಿ ತೆರೆದಿದೆ ಎಂಬುದು ಮರೆತುಹೋಗಿರಲು ಹೇಗೆ ಸಾಧ್ಯ?

"ಬೇಡ ಮೇಡಂ," ಎಂದ ಅವನು. ಮುಖದ ಬಣ್ಣ ಬಂದ ಹಾಗೇ ಹೋಗಿತ್ತು. "ಭಾವ ಅಂಥವರಲ್ಲ. ಏಳು ವರ್ಷ ಅವಳನ್ನ ಎತ್ತಿ ಇಳಿಸಿದ ಕೈ ಅದು."

"ಏಳು ವರ್ಷ ಎತ್ತಿ ಇಳಿಸಿದ್ದು ಹೌದು. ಕೊನೇಲಿ ಅಡ್ಡ ಹೋಗಿದ್ದೂ ಹೌದಿರಬಹುದು. ಬಲೆ ಹಾಕೋದು, ಬಲೆಗೆ ಅಡ್ಡ ಹೋಗೋದು, ಎರಡನ್ನೂ ಒಬ್ಬನೇ ಮನುಷ್ಯ ಮಾಡಬಲ್ಲ."

"ನಾನು ಒಪ್ಕೊಂಡಿದ್ದೀನಲ್ಲ. ಹನ್ನೊಂದಕ್ಕೆ ನನ್ನನ್ನೇ ಕರ್ಕೊಂಡು ಹೋಗಿ. ಇದೆಲ್ಲ ಅಕ್ಕಂಗೆ ಗೊತ್ತಾಗೋದು ಬೇಡ."

"ಅವಳಿಗೆ ಗೊತ್ತಿಲ್ಲ ಅಂತ ನಿನಗ್ಯಾರು ಹೇಳಿದ್ರು?"

ಗುಂಡಿಯ ಅಂಚಿನಲ್ಲಿ ತುಟಿ ಬಿಚ್ಚದೆ ಕೂತಿದ್ದ ಹೆಂಗಸನ್ನು ತಕ್ಕಡಿ ನೆನೆಸಿಕೊಂಡಳು. ಆ ಮೌನವನ್ನು ಫ್ಯೂಸು ಅಪರಾಧ ಅಂದುಕೊಂಡ. ತಾನು ದುಃಖ ಅಂದುಕೊಂಡಳು. ಇಬ್ಬರೂ ಅವಳನ್ನು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಆಸ್ಪತ್ರೆಯಲ್ಲಿ ಕಾವಲಿದ್ದ ಪೇದೆ.

"ಮೇಡಂ, ಮೇಷ್ಟ್ರು ಕಣ್ಣು ಬಿಟ್ರು. ಮಾತೂ ಆಡಿದ್ರು."

"ಏನಂದ್ರು?"

"‘ಹಲಗೆ ಹಾಕಿದ್ರಾ’ ಅಂತ ಕೇಳಿದ್ರು. ಅಷ್ಟೇ. ನನಗೇನೂ ಅರ್ಥ ಆಗಲಿಲ್ಲ."

"ಯಾರನ್ನ ಕೇಳಿದ್ರು? ನಿನ್ನನ್ನಾ?"

"ಅಲ್ಲ ಮೇಡಂ, ಅವರ ಮನೆಯವರನ್ನ. ಗಾಲಿಕುರ್ಚಿಯಮ್ಮ. ಬೆಳಿಗ್ಗೆ ಆಟೋ ಮಾಡಿಸ್ಕೊಂಡು ಒಬ್ಬರೇ ಬಂದ್ರು. ಪಾಪ ಅನ್ನಿಸ್ತು, ಒಳಗೆ ಬಿಟ್ಟೆ."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ‘ನಮ್ಮಿಬ್ಬರನ್ನ ಸ್ವಲ್ಪ ಹೊತ್ತು ಬಿಟ್ಟುಬಿಡಪ್ಪ’ ಅಂತ ನನ್ನನ್ನೂ ನರ್ಸನ್ನೂ ಹೊರಗೆ ಕಳಿಸಿದ್ರು."

"ಈಗಲೇ ಒಳಗೆ ಹೋಗು."

ಫೋನಿನಲ್ಲಿ ಹೆಜ್ಜೆಯ ಸದ್ದು ಕೇಳಿಸಿತು. ಆಮೇಲೆ ಬಾಗಿಲು ತಟ್ಟಿದ ಸದ್ದು, ಎರಡು ಸಲ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.